ಕಾರಿನ ಡಿಕ್ಕಿಗೆ ಸಬ್‌ವೂಫರ್ ಬಾಕ್ಸ್: ಸೀಲ್ಡ್ ಬೇಕಾ, ಪೋರ್ಟೆಡ್ ಬೇಕಾ?

ಮೊದಲು ಜಾಗ ನೋಡಿ. 12 ಇಂಚಿನ ಸಬ್‌ವೂಫರ್‌ಗೆ (ಬೇಸ್ ಸದ್ದಿನ ಸ್ಪೀಕರ್) ಪೂರ್ತಿ ಮುಚ್ಚಿದ ಸೀಲ್ಡ್ ಬಾಕ್ಸ್ ಆದರೆ ಒಳಗೆ ಸುಮಾರು 1 ಘನ ಅಡಿ, ಅಂದರೆ 28 ಲೀಟರ್ ಸಾಮಾನ್ಯವಾಗಿ ಸಾಕು. ಪೋರ್ಟೆಡ್‌ಗೆ, ಅಂದರೆ ಗಾಳಿ ಆಡಲು ಕೊಳವೆ (ಪೋರ್ಟ್) ಇಟ್ಟ ಬಾಕ್ಸ್‌ಗೆ, ಹೆಚ್ಚುಕಮ್ಮಿ ಅದರ ಎರಡರಷ್ಟು ಬೇಕು, ಪೋರ್ಟ್ ತಿನ್ನುವ ಜಾಗ ಬೇರೆ. 2018ರ ಸ್ವಿಫ್ಟ್‌ನ ಡಿಕ್ಕಿ ಇರೋದೇ 268 ಲೀಟರ್. ಊರಿಂದ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ ಎಲ್ಲಿ ಇಡ್ತೀರಿ?

ಜೋರು ಬೇಕು ಅಂದರೆ ಮಾತ್ರ ಪೋರ್ಟೆಡ್‌ದೇ ಮೇಲುಗೈ. ಅದೇ ಆಂಪ್ಲಿಫೈಯರ್, ಅದೇ ವ್ಯಾಟ್, ಆದರೂ ಪೋರ್ಟನ್ನು ಟ್ಯೂನ್ ಮಾಡಿದ ಫ್ರೀಕ್ವೆನ್ಸಿಯ ಸುತ್ತಮುತ್ತ (ಕಾರಿಗೆ ಸಾಮಾನ್ಯವಾಗಿ 30ರಿಂದ 35 ಹರ್ಟ್ಸ್) ಸದ್ದು ಜಾಸ್ತಿ. ಅದಕ್ಕಿಂತ ಕೆಳಗೆ ಹೋದರೆ ಕಥೆಯೇ ಬೇರೆ: ಸ್ಪೀಕರಿನ ಅಲುಗುವ ಕೋನನ್ನು ಹಿಡಿದಿಡುವ ಗಾಳಿಯ ಒತ್ತಡ ಇಲ್ಲವಾಗುತ್ತದೆ, ಅದು ಹಿಡಿತ ತಪ್ಪಿ ಕುಣಿಯುತ್ತದೆ, ವಾಲ್ಯೂಮ್ ಜೋರಿದ್ದರೆ ಸಬ್‌ವೂಫರ್ ಕೆಡುವುದೂ ಉಂಟು. ಹಾಗಾಗಿ ಆಂಪ್ಲಿಫೈಯರ್‌ನಲ್ಲಿ ಸಬ್‌ಸಾನಿಕ್ ಫಿಲ್ಟರ್ (ತೀರಾ ಕೆಳಗಿನ ಫ್ರೀಕ್ವೆನ್ಸಿ ತಡೆಯೋದು) ಇಲ್ಲ ಅಂದರೆ ಪೋರ್ಟೆಡ್ ಆಸೆ ಬಿಡಿ. ಪೋರ್ಟ್ ಉದ್ದದ ಲೆಕ್ಕ ತಪ್ಪಿದರೂ ಕಷ್ಟ, ಯಾವ ಹಾಡು ಹಾಕಿದರೂ ಒಂದೇ ಬುಂ ಬುಂ.

ಸೀಲ್ಡ್ ಅಷ್ಟು ಸಿಟ್ಟಿನದಲ್ಲ. ಅರ್ಧ ಲೀಟರ್ ಆಚೀಚೆ ಆದರೂ ಗೊತ್ತಾಗಲ್ಲ. ಜೊತೆಗೆ ಕಾರಿನ ಮುಚ್ಚಿದ ಕ್ಯಾಬಿನ್ನೇ ಕೆಳಗಿನ ಬೇಸ್ ಎತ್ತಿಕೊಡುತ್ತದೆ. ಮೃದಂಗ, ಡ್ರಮ್ಸ್ ಏಟು ಬಿಡಿಬಿಡಿಯಾಗಿ ಕೇಳಬೇಕು ಅನ್ನೋರಿಗೆ ನಾನು ಇದನ್ನೇ ಹೇಳೋದು.

ಯಾವುದೇ ಆಗಲಿ, 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿಸಿ, ಒಳಗಿನ ಕೀಲುಗಳಿಗೆ ಅಂಟು ಸರಿಯಾಗಿ ತುಂಬಿಸಿ. ಅಳತೆಯನ್ನು ಮಾತ್ರ ಅಂಗಡಿಯವರ ಅಂದಾಜಿಗೆ ಬಿಡಬೇಡಿ, ನಿಮ್ಮ ಸಬ್‌ವೂಫರ್ ಕಂಪನಿಯ ಶೀಟ್ ನೋಡಿಯೇ ಕೊಡಿ.