ಪ್ಲೇಡೇಟ್, ಸ್ಟೀಮ್ ಡೆಕ್, ಅಗ್ಗದ ರೆಟ್ರೊ: ಮಡಿಕೇರಿ ಮಳೆಯಲ್ಲಿ ಮೂರನ್ನೂ ಆಡಿ ನೋಡಿದೆ

ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನ ಕೊಳ್ಳುವ ಮುಂಚೆ ನಾನು ಎರಡು ವಿಷಯ ನೋಡುತ್ತೇನೆ. ನಮ್ಮ ಊರಿನ ಮಳೆಗಾಲಕ್ಕೆ ಅದು ಆಗುತ್ತದಾ? ಮಾಡಿದ ಕಂಪನಿ ನಾಲ್ಕು ವರ್ಷವಾದರೂ ಬಾಳುತ್ತದಾ? ಜೂನ್ ಬಂತೆಂದರೆ ಮಡಿಕೇರಿಯಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಕಂಪನಿ ಮುಚ್ಚಿದರಂತೂ ಹೊಸ ಗೇಮ್ ಇಲ್ಲ, ರಿಪೇರಿಯೂ ಇಲ್ಲ.

ವಾಲ್ವ್ ಕಂಪನಿಯ ಸ್ಟೀಮ್ ಡೆಕ್ 2022ರಲ್ಲಿ 399 ಡಾಲರ್‌ನಿಂದ ಶುರುವಾಯಿತು. ಗೇಮ್‌ಗಳ ರಾಶಿಯಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಮೊದಲ ಮಾದರಿಯ ತೂಕ 669 ಗ್ರಾಂ. ಭಾರಿ ಗೇಮ್ ಹಾಕಿದರೆ ಚಾರ್ಜ್ ಎರಡು ಗಂಟೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ದೊಡ್ಡ ಗೇಮ್ ಅಂದರೆ ಹತ್ತಾರು ಜಿಬಿ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಗದ ಮಾತು. ಕುಶಾಲನಗರದ ಗೆಳೆಯನ ಮನೆಯಲ್ಲಿ ತುಂಬಿಸಿಕೊಂಡು ಬಂದೆ. ವಾಲ್ವ್‌ನ ದುಡ್ಡು ಸಾಧನದಲ್ಲಿಲ್ಲ, ಸ್ಟೀಮ್ ಎಂಬ ಅವರ ಆನ್‌ಲೈನ್ ಗೇಮ್ ಅಂಗಡಿಯಲ್ಲಿದೆ. ಅಲ್ಲಿ ಮಾರಾಟವಾಗುವ ಗೇಮ್‌ನಿಂದ ಸಾಮಾನ್ಯವಾಗಿ ಶೇ. 30 ಪಾಲು ಅವರಿಗೆ. ಅಂಥ ಅಂಗಡಿ ಇಲ್ಲದ ಸಣ್ಣ ಕಂಪನಿ ಈ ದಾರಿ ಹಿಡಿಯಲಾಗದು.

ಅಗ್ಗದ ರೆಟ್ರೊ ಸಾಧನ, ಅಂದರೆ ಹಳೇ ಕಾಲದ ಗೇಮ್‌ಗಳನ್ನು ಆಡಿಸುವ ಡಬ್ಬಿ, ಮಳೆಗೆ ತುಂಬಾ ಚೆನ್ನಾಗಿದೆ. ನೆಟ್ ಬೇಡ, ಪವರ್ ಬ್ಯಾಂಕ್ ಸಾಕು. ಆದರೆ ನನಗೆ ಸಿಕ್ಕಿದ್ದರ ಮೆಮರಿ ಕಾರ್ಡ್‌ನಲ್ಲಿ ಪರವಾನಗಿ ಇಲ್ಲದ ಸಾವಿರಾರು ಹಳೇ ಗೇಮ್‌ಗಳಿದ್ದವು. ಗೇಮ್ ಮಾಡಿದವರಿಗೆ ಒಂದು ಪೈಸೆಯೂ ಹೋಗಿರುವುದಿಲ್ಲ. ಇದು ನನಗೆ ಒಪ್ಪಿಗೆಯಿಲ್ಲ. ವ್ಯಾಪಾರವಾಗಿಯೂ ಇದು ಕಾಫಿ ಹಣ್ಣನ್ನು ಕೊಯ್ದ ಹಾಗೇ ವ್ಯಾಪಾರಿಗೆ ಕೊಟ್ಟಂತೆ. ಒಂದು ಸಲ ದುಡ್ಡು ಬರುತ್ತದೆ, ಕುಡಿಯುವವನಿಗೆ ತೋಟದ ಹೆಸರೇ ಗೊತ್ತಿರುವುದಿಲ್ಲ.

ಪ್ಯಾನಿಕ್ ಕಂಪನಿಯ ಪ್ಲೇಡೇಟ್ ಮಾತ್ರ ಕಾಫಿಯನ್ನು ತಾನೇ ಹುರಿದು ಪುಡಿ ಮಾಡಿ ಸ್ವಂತ ಹೆಸರಲ್ಲಿ ಮಾರುವ ಜಾತಿ. 86 ಗ್ರಾಂ ತೂಕದ ಹಳದಿ ಡಬ್ಬಿ, ಪಕ್ಕದಲ್ಲಿ ತಿರುಗಿಸುವ ಹಿಡಿ, 400x240 ಪಿಕ್ಸೆಲ್‌ನ ಕಪ್ಪು-ಬಿಳಿ ಪರದೆ. 2021ರ ಮುಂಗಡ ಬುಕಿಂಗ್‌ನಲ್ಲಿ ಮೊದಲ 20,000 ಡಬ್ಬಿಗಳು ನಿಮಿಷಗಳಲ್ಲೇ ಖಾಲಿಯಾದವು. ದೊಡ್ಡ ಕಂಪನಿಗೆ ಇದು ಸಣ್ಣ ಸಂಖ್ಯೆ, ಆದರೆ ಮುಂಗಡ ಬಂದಮೇಲೆ ತಯಾರಿಸಿದರೆ ಗೋದಾಮಿನಲ್ಲಿ ಕೊಳೆಯುವ ಭಯ ಕಡಿಮೆ, ಅಲ್ವಾ? ಜೊತೆಗೆ 24 ಗೇಮ್‌ಗಳು ಸಿಗುತ್ತವೆ, ವಾರಕ್ಕೆ ಎರಡರಂತೆ. ಗೇಮ್‌ಗಳು ಚಿಕ್ಕವು, ನಮ್ಮ ಕುಂಟುವ ನೆಟ್‌ವರ್ಕ್‌ನಲ್ಲೂ ಇಳಿಯುತ್ತವೆ. 2023ರಲ್ಲಿ ಸಾಧನದೊಳಗೇ ಅಂಗಡಿಯೂ ಬಂತು, ಹೊರಗಿನವರ ಗೇಮ್‌ಗಳನ್ನೂ ಅಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದು. ಗೇಮ್ ತಯಾರಿಸುವ ಉಪಕರಣಗಳು ಉಚಿತ. ನನ್ನ ಅಣ್ಣನ ಮಗಳು ಅವುಗಳಲ್ಲೊಂದಾದ, ಬ್ರೌಸರ್‌ನಲ್ಲೇ ಕೆಲಸ ಮಾಡುವ ಪಲ್ಪ್ ಬಳಸಿ, ತೋಟಕ್ಕೆ ನುಗ್ಗಿದ ಆನೆಯನ್ನು ಹಿಡಿ ತಿರುಗಿಸಿ ಓಡಿಸುವ ಗೇಮ್ ಮಾಡುತ್ತಿದ್ದಾಳೆ.

ಒಂದೇ ದೊಡ್ಡ ಕೊರತೆ, ಪರದೆಗೆ ಒಳಬೆಳಕಿಲ್ಲ. ಡಿಸೆಂಬರ್‌ನಲ್ಲಿ ಕಾಫಿ ಒಣಗಿಸುವ ಕಣದ ಬಿಸಿಲಲ್ಲಿ ಇದರಷ್ಟು ಚೆನ್ನಾಗಿ ಇನ್ಯಾವುದೂ ಕಾಣುವುದಿಲ್ಲ. ಜುಲೈ ಸಂಜೆ ಕರೆಂಟು ಹೋದರೆ ಮಾತ್ರ ಏನೂ ಕಾಣುವುದಿಲ್ಲ. ಶುರುವಿನ ಬೆಲೆ 179 ಡಾಲರ್ ಇತ್ತು, ಆಮೇಲೆ ಏರಿದೆ, ಸುಂಕ ಬೇರೆ. ಮಳೆಗಾಲಕ್ಕೆಂದೇ ಕೊಳ್ಳುವವರು ಇದರ ಜೊತೆಗೆ ಒಂದು ಒಳ್ಳೆಯ ಚಾರ್ಜಿಂಗ್ ಲ್ಯಾಂಪೂ ತೆಗೆದುಕೊಳ್ಳಿ.