ಮುಕ್ಕಾದ ಸ್ಪೀಕರ್ ಮೂಲೆಗೆ ಗಟ್ಟಿ ಮೇಣದ ಕಿಟ್: ಬಳಸಿ ನೋಡಿದ ಮೇಲೆ

ಸ್ಟ್ಯಾಂಡ್ ಮೇಲಿಂದ ಸ್ಪೀಕರ್ ಬಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. 11 ವರ್ಷದಿಂದ ಜೋಪಾನ ಮಾಡಿಕೊಂಡು ಬಂದ ಜೋಡಿ ಅದು. ವಾಲ್‌ನಟ್ ವೆನೀರ್ (ಹೊರಗೆ ಅಂಟಿಸಿದ ತೆಳು ಮರದ ಹಾಳೆ), ಮೇಲೆ ಮ್ಯಾಟ್ ಲ್ಯಾಕರ್ (ಹೊಳಪಿಲ್ಲದ ಪಾಲಿಶ್ ಪದರ). ಎತ್ತಿ ನೋಡಿದರೆ ಮುಂದಿನ ಕೆಳಮೂಲೆ ಮುಕ್ಕಾಗಿತ್ತು. ಹೆಬ್ಬೆರಳ ಉಗುರಿನಷ್ಟು ವೆನೀರ್ ಹಾರಿಹೋಗಿ ಒಳಗಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಾಣುತ್ತಿತ್ತು. ಪಕ್ಕದಲ್ಲಿ ಗೇಣುದ್ದದ ಗೀರು ಬೇರೆ. ಇದರ ಜೊತೆಗೆ ಮೇಲ್ಭಾಗದಲ್ಲಿ ಮೊದಲಿಂದಲೂ ಒಂದು ಬಿಳಿ ಉಂಗುರ ಇತ್ತು, ಯಾವತ್ತೋ ನೀರಿನ ಲೋಟ ಇಟ್ಟಿದ್ದರ ಗುರುತು. ಪುಣ್ಯಕ್ಕೆ ಸದ್ದು ಹೊರಡಿಸುವ ಕೋನ್‌ಗಳಿಗೆ ಏನೂ ಆಗಿರಲಿಲ್ಲ.

ಹಾಗಾಗಿ ಗಟ್ಟಿ ಮೇಣದ ರಿಪೇರಿ ಕಿಟ್ ತರಿಸಿದೆ. ಬೇರೆ ಬೇರೆ ಕಂದು ಬಣ್ಣದ ಮೇಣದ ಕಡ್ಡಿಗಳು, ಒಂದು ಬಣ್ಣವಿಲ್ಲದ ಕಡ್ಡಿ, ಬ್ಯಾಟರಿಯಲ್ಲಿ ಓಡುವ ಪುಟ್ಟ ಕರಗಿಸುವ ಪೆನ್ನು, ಹಲ್ಲುಹಲ್ಲಾದ ಅಂಚಿನ ಪ್ಲಾಸ್ಟಿಕ್ ಹೆರೆಯುವ ಪಟ್ಟಿ, ಒಂದು ತುಂಡು ಪ್ಯಾಡ್. ಇಷ್ಟೇ.

ಕಿಟ್ ತೆರೆಯುವ ಮೊದಲು ನಿಮ್ಮ ಸ್ಪೀಕರ್ ಪೆಟ್ಟಿಗೆಯ ಮೇಲಿರುವುದು ನಿಜವಾದ ವೆನೀರೋ ಅಥವಾ ಮರದ ಚಿತ್ರ ಅಚ್ಚು ಹಾಕಿದ ವಿನೈಲ್ ಹಾಳೆಯೋ ನೋಡಿಕೊಳ್ಳಿ. ಒಂದೇ ಗಂಟು, ಒಂದೇ ಸುಳಿ ಎರಡು ಮೂರು ಕಡೆ ಹಾಗೇ ಮರುಕಳಿಸಿದರೆ ಅದು ವಿನೈಲ್. ಆಗ ಈ ಪೆನ್ನಿನ ಬಿಸಿ ತಾಗಿದರೆ ಹಾಳೆ ಮುದುಡಿಬಿಡುತ್ತದೆ. ಇಷ್ಟು ಮುಖ್ಯವಾದ ವಿಷಯ ಕಿಟ್ ಜೊತೆ ಬಂದ ಚೀಟಿಯಲ್ಲಿ ಒಂದು ಸಾಲೂ ಇಲ್ಲ. ಇದು ನನಗೆ ನಿಜಕ್ಕೂ ಬೇಜಾರಾಯಿತು.

ಈಗ ಮೂಲೆ. ಮೊದಲು ನಾನು ವಾಲ್‌ನಟ್‌ಗೆ ಹತ್ತಿರ ಅನಿಸಿದ ಒಂದೇ ಕಡ್ಡಿ ಕರಗಿಸಿ ತುಂಬಿದೆ. ಗುಂಡಿ ತುಂಬಿತು, ಆದರೆ ಕಂದು ಬಣ್ಣದ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತಿತ್ತು. ಎಲ್ಲ ಹೆರೆದು ತೆಗೆದು ಮತ್ತೆ ಶುರು ಮಾಡಿದೆ. ವಾಲ್‌ನಟ್ ಒಂದೇ ಬಣ್ಣ ಅಲ್ಲವೇ ಅಲ್ಲ, ಹತ್ತಿರದಿಂದ ನೋಡಿದರೆ ತಿಳಿ ಕಂದಿನ ಮೇಲೆ ಕಪ್ಪಗಿನ ಸಣ್ಣ ಸಣ್ಣ ಗೆರೆಗಳು, ಅಲ್ಲಲ್ಲಿ ಸ್ವಲ್ಪ ಕೆಂಪು. ಎರಡನೇ ಸಲ ಅಲ್ಲಿರುವ ಅತಿ ತಿಳಿಯಾದ ಬಣ್ಣಕ್ಕೆ ಹೊಂದುವ ಮೇಣ ತುಂಬಿದೆ, ಮೇಲ್ಮೈಗಿಂತ ಕೂದಲೆಳೆಯಷ್ಟು ಎತ್ತರಕ್ಕೆ. ತಣ್ಣಗಾಗುವ ತನಕ ಮುಟ್ಟಲಿಲ್ಲ. ಆಮೇಲೆ ಪಟ್ಟಿಯ ಹಲ್ಲಿರುವ ಅಂಚಿನಿಂದ ಮೆಲ್ಲಗೆ ಹೆರೆದೆ. ಮಟ್ಟ ಆದ ಮೇಲೆ ಬ್ಲೇಡಿನ ತುದಿಯಲ್ಲಿ, ಪಕ್ಕದ ಮರದ ಗೆರೆ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಹಿಡಿದು ಸಣ್ಣ ಗೀಟು ಕೊರೆದು, ಅದರೊಳಗೆ ಕಪ್ಪು ಕಂದು ಮೇಣ ಬಿಟ್ಟು ಮತ್ತೆ ಹೆರೆದೆ. ಮೂರು ಗೀಟು ಸಾಕಾಯಿತು. ಆ ಮೂರೇ ಗೀಟಿನಲ್ಲಿ ತೇಪೆ ಮರೆಯಾಗಿ ಮರ ಕಂಡಿತು. ಎಷ್ಟು ಖುಷಿಯಾಯಿತು ಅಂದರೆ ಅವತ್ತು ರಾತ್ರಿ ಟಾರ್ಚ್ ಹಿಡಿದು ನಾಲ್ಕು ಸಲ ನೋಡಿದ್ದೇನೆ.

ಎದುರಿನಿಂದ ನೋಡಿದರೆ ಗೊತ್ತೇ ಆಗಲ್ಲ. ಆದರೆ ಪಕ್ಕದ ಕಿಟಕಿಯಿಂದ ಓರೆ ಬೆಳಕು ಬಿದ್ದಾಗ ಮೇಣದ ಜಾಗ ಸ್ವಲ್ಪ ಜಾಸ್ತಿ ಹೊಳೆಯುತ್ತದೆ. ಪ್ಯಾಡಿನಿಂದ ಹಗುರವಾಗಿ ಉಜ್ಜಿದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು, ಪೂರ್ತಿ ಅಲ್ಲ.

ಗೀರಿಗೆ ಬಣ್ಣದ ಮೇಣ ಬೇಕಾಗಲಿಲ್ಲ. ಅದು ಲ್ಯಾಕರ್ ಒಳಗೇ ಇತ್ತು, ಮರದ ತನಕ ಇಳಿದಿರಲಿಲ್ಲ. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳದೆ ಜಾರಿತು, ಹಾಗಾಗಿ ಬಣ್ಣವಿಲ್ಲದ ಕಡ್ಡಿಯೇ ಸಾಕಾಯಿತು.

ಬಿಳಿ ಉಂಗುರಕ್ಕೆ ಮಾತ್ರ ಈ ಕಿಟ್ ಏನೂ ಮಾಡಲ್ಲ. ಅಲ್ಲಿ ತುಂಬೋಕೆ ಗುಂಡಿಯೇ ಇಲ್ಲ, ತೇವ ಲ್ಯಾಕರ್ ಪದರದಲ್ಲಿ ಸಿಕ್ಕಿಕೊಂಡಿದೆ. ಡಬ್ಬಿಯ ಮೇಲೆ ಕಲೆಗಳಿಗೂ ಆಗುತ್ತದೆ ಅಂತ ಬರೆದಿರುವುದು ಸರಿಯಲ್ಲ. ಅಂಗೈ ಅಗಲದ ಜಾಗದಲ್ಲಿ ಪಾಲಿಶ್ ಸವೆದುಹೋಗಿದ್ದರೂ ಇದು ಕೆಲಸಕ್ಕೆ ಬರಲ್ಲ. ನೀರು ಕುಡಿದು ಎಂಡಿಎಫ್ ಉಬ್ಬಿದ್ದರಂತೂ ಮೊದಲು ಆ ಉಬ್ಬನ್ನು ಹೆರೆದು ತೆಗೆಯಬೇಕು, ಅದು ತಾನಾಗಿ ಮತ್ತೆ ಕುಗ್ಗುವುದಿಲ್ಲ.

ದಯವಿಟ್ಟು ಗಮನಿಸಿ, ಮೇಜು ಕುರ್ಚಿ ರಿಪೇರಿ ಮಾಡುವವರು ಕೊನೆಯಲ್ಲಿ ನಯ ಮಾಡೋಕೆ ಸ್ಟೀಲ್ ವುಲ್ ಬಳಸುತ್ತಾರೆ. ಸ್ಪೀಕರ್ ಹತ್ತಿರ ಅದನ್ನು ತರಲೇಬೇಡಿ. ಉದುರುವ ಉಕ್ಕಿನ ಎಳೆಗಳನ್ನು ಒಳಗಿನ ಮ್ಯಾಗ್ನೆಟ್ ಎಳೆದುಕೊಳ್ಳುತ್ತದೆ, ಅವು ವಾಯ್ಸ್ ಕಾಯಿಲ್ (ಕೋನ್ ಅಲುಗಿಸುವ ತಂತಿ ಸುರುಳಿ) ಸಂದಿಗೆ ಹೊಕ್ಕರೆ ಕರಕರ ಸದ್ದು ಶುರು, ಮತ್ತೆ ತೆಗೆಯೋದು ತುಂಬಾ ಕಷ್ಟ. ನೈಲಾನ್ ಪ್ಯಾಡ್ ಸಾಕು. ಹೆರೆಯುವಾಗಲೂ ವೂಫರ್, ಟ್ವೀಟರ್ (ದಪ್ಪ ಸ್ವರ, ಕೀಚಲು ಸ್ವರ ಹೊರಡಿಸುವ ಭಾಗಗಳು) ಮುಚ್ಚಿಕೊಳ್ಳಿ. ಸಾಧ್ಯವಾದರೆ ಪೆಟ್ಟಿಗೆ ಮಲಗಿಸಿ, ಪುಡಿ ಕೋನ್ ಕಡೆಗೆ ಬೀಳದ ಹಾಗೆ ಇಟ್ಟುಕೊಳ್ಳಿ. ಉಪ್ಪುಕಾಗದ ಹಾಕುವ ಆಸೆ ನನಗೂ ಆಗಿತ್ತು. ವೆನೀರ್ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ಅಷ್ಟೇ. ಮೂಲೆಯಲ್ಲಿ ನಾಲ್ಕು ಸಲ ಜೋರಾಗಿ ಉಜ್ಜಿದರೆ ಒಳಗಿನ ಎಂಡಿಎಫ್ ಬಂದೇಬಿಡುತ್ತದೆ.

ಬಾಳಿಕೆ ಬಗ್ಗೆ ಹೇಳುವುದಾದರೆ, ಮೂರು ತಿಂಗಳಾಯಿತು, ಮೇಣ ಬಿಟ್ಟುಕೊಂಡಿಲ್ಲ, ಬಟ್ಟೆಯಿಂದ ಒರೆಸಿದರೂ ಕಿತ್ತು ಬಂದಿಲ್ಲ. ಆದರೆ ವಾಲ್‌ನಟ್ ವರ್ಷಗಟ್ಟಲೆ ಬೆಳಕಿಗಿದ್ದರೆ ತಿಳಿಯಾಗುತ್ತಾ ಹೋಗುತ್ತದೆ, ಮೇಣ ಅದರ ಜೊತೆಗೇ ಬದಲಾಗಲ್ಲ. ಹಾಗಾಗಿ ಉಳಿದ ಕಡ್ಡಿಗಳನ್ನು ಎತ್ತಿಟ್ಟಿದ್ದೇನೆ.

ಮೂಲೆ ಮುಕ್ಕು, ಗುಂಡಿ, ಆಳದ ಗೀರು ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದಿದ್ದು ಆ ಚೀಟಿಗೆ. ಉಂಗುರ ಹಾಗೇ ಇದೆ. ಅದಕ್ಕೆ ಮುಂದಿನ ವಾರ ಹೇರ್ ಡ್ರೈಯರ್‌ನ ಹದವಾದ ಬಿಸಿಯಲ್ಲಿ, ಸ್ವಲ್ಪ ಸ್ವಲ್ಪವೇ, ಪ್ರಯತ್ನ ಮಾಡಿ ನೋಡುತ್ತೇನೆ.