ಕರೆಸ್ಪಾಂಡೆನ್ಸ್ ಚೆಸ್: ಎಂಜಿನ್ ಜೊತೆಗೋ, ಒಳ್ಳೆ ಆಟಗಾರನ ಎದುರಿಗೋ?

ಕರೆಸ್ಪಾಂಡೆನ್ಸ್ ಚೆಸ್ ಅಂದರೆ ಒಂದೊಂದು ನಡೆಗೂ ದಿನಗಟ್ಟಲೆ ಸಮಯ ಇರುವ, ದೂರದಿಂದಲೇ ಆಡುವ ಚೆಸ್. ಎಂಜಿನ್ ಅಂದರೆ ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ. ಎಂಜಿನ್ ಇಲ್ಲದ ಆಟ, ಎದುರಿಗೆ ನನಗಿಂತ ಗಟ್ಟಿ ಆಟಗಾರ. ನನ್ನ ಓಟು ಇದಕ್ಕೇ.

ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿಎಫ್ ನಡೆಸುವ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಬಳಸಬಹುದು. ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದ ಕರೆಸ್ಪಾಂಡೆನ್ಸ್ ಆಟದಲ್ಲಿ ಬಳಸುವ ಹಾಗಿಲ್ಲ, ಓಪನಿಂಗ್ (ಮೊದಲ ನಡೆಗಳ) ಪುಸ್ತಕ ತೆರೆದುಕೊಂಡರೆ ಅಡ್ಡಿಯಿಲ್ಲ. ಎರಡನ್ನೂ ಆಡಿದ್ದೇನೆ. ಹೊಡೆದಾಟದ ಲೆಕ್ಕದಲ್ಲಿ ಸ್ಟಾಕ್‌ಫಿಶ್ ಎಂಬ ಎಂಜಿನ್ ಮುಂದೆ ಯಾವ ಮನುಷ್ಯನೂ ನಿಲ್ಲಲ್ಲ, ಅದರಲ್ಲಿ ಮಾತಿಲ್ಲ.

ಎಂಜಿನ್ ಜೊತೆ ಆಡುವಾಗ ತಲೆ ಕೆಡಿಸಿದ್ದು ಒಂದು ಎಂಡ್‌ಗೇಮ್, ಅಂದರೆ ಆಟದ ಕೊನೆ ಹಂತ. ನನ್ನದು ಬಿಳಿ ಮನೆಯ ಒಂಟೆ, ಎದುರಾಳಿಯದ್ದು ಕಪ್ಪು ಮನೆಯದ್ದು. ನನಗೆ ಎರಡು ಕಾಲಾಳು ಜಾಸ್ತಿ. ಅವರ ರಾಜ ಕಪ್ಪು ಮನೆಯಲ್ಲಿ ನನ್ನ ಕಾಲಾಳಿಗೆ ಅಡ್ಡ ಕೂತಿದ್ದ. ನನ್ನ ಒಂಟೆ ಜನ್ಮದಲ್ಲಿ ಆ ಮನೆ ಮುಟ್ಟುವುದಿಲ್ಲ. ಎಂಜಿನ್ ಮಾತ್ರ +1.8, ಅಂದರೆ ನಾನು ಸುಮಾರು ಎರಡು ಕಾಲಾಳಿನಷ್ಟು ಮುಂದೆ ಅಂತ, ತೋರಿಸುತ್ತಲೇ ಇತ್ತು. ರಾತ್ರಿಯಿಡೀ ಓಡಿಸಿದೆ, ಫ್ಯಾನ್ ಗುಂಯ್‌ಗುಡುತ್ತಿತ್ತು. ಬೆಳಗ್ಗೆ ನೋಡಿದರೆ ಒಂಟೆ ಆ ಕಡೆ ಇಡು ಅಂತಿತ್ತು. ಮಾರನೇ ನಡೆಗೆ ವಾಪಸ್ ಈ ಕಡೆ ಇಡು! ಅಂಕಿ ಹಾಗೇ ಇದೆ, ಆಟ ಒಂದಿಂಚೂ ಮುಂದೆ ಹೋಗಿಲ್ಲ. ಕೊನೆ ಹಂತದ ಫಲಿತಾಂಶಗಳನ್ನು ಮೊದಲೇ ಲೆಕ್ಕ ಹಾಕಿಟ್ಟ ಟೇಬಲ್‌ಬೇಸ್ ಕೇಳೋಣವೆಂದರೆ ಅದರ ಲೆಕ್ಕ 7 ಕಾಯಿಯವರೆಗೆ ಮಾತ್ರ, ಬೋರ್ಡ್ ಮೇಲೆ ಅದಕ್ಕಿಂತ ಜಾಸ್ತಿ ಇತ್ತು. ಕಾಯಿ ಕಮ್ಮಿ ಇದ್ದರೂ ಒಳಗೆ ನುಗ್ಗಲು ಬಿಡದ ಇಂಥ ಕೋಟೆಯನ್ನು ಅನುಭವವಿರುವ ಆಟಗಾರ ಒಂದೇ ನೋಟಕ್ಕೆ ಗುರುತಿಸುತ್ತಾನೆ. ಎದುರಾಳಿ ಡ್ರಾ ಕೇಳಿ ಎಷ್ಟೋ ದಿನ ಆಗಿತ್ತು.

ಯಂತ್ರದ ನೋಟಕ್ಕೆ ಒಂದು ಗಡಿ ಇದೆ, ಅದರಾಚೆಗೆ ಕೆಟ್ಟದ್ದನ್ನು ತಳ್ಳಿ ಸುಮ್ಮನಾಗುತ್ತದೆ ಎಂದು 1973ರಲ್ಲೇ ವಿವರಿಸಿದವರು ಹ್ಯಾನ್ಸ್ ಬರ್ಲಿನರ್. ಅವರು ಕಂಪ್ಯೂಟರ್ ವಿಜ್ಞಾನಿ, ಜೊತೆಗೆ ಕರೆಸ್ಪಾಂಡೆನ್ಸ್ ಚೆಸ್‌ನ ವಿಶ್ವ ಚಾಂಪಿಯನ್ ಆಗಿದ್ದವರು ಕೂಡ. ಈಗಿನ ಎಂಜಿನ್‌ಗಳ ಗಡಿ ತುಂಬಾ ದೂರ ಸರಿದಿದೆ, ನಿಜ. ಆದರೂ ಕೋಟೆ ಕಂಡರೆ ಇನ್ನೂ ಎಡವುತ್ತವೆ.

ಇಬ್ಬರ ಹತ್ತಿರವೂ ಎಂಜಿನ್ ಇದ್ದರಂತೂ ಪರದೆ ತುಂಬಾ 0.00, ಅಂದರೆ ಸಮಬಲ. ಡ್ರಾ ಮೇಲೆ ಡ್ರಾ.

ಮನುಷ್ಯರ ಎದುರು ಆಡುವುದರಲ್ಲಿ ತೊಂದರೆ ಇಲ್ಲವೇ? ಇದೆ. ಸೋಲುತ್ತಿರುವ ಆಟವನ್ನು ಕೆಲವರು ಕೊನೇ ಗಳಿಗೆಯವರೆಗೂ ಎಳೆಯುತ್ತಾರೆ. ಕದ್ದು ಎಂಜಿನ್ ನೋಡುವವರೂ ಸಿಗುತ್ತಾರೆ.

ನನಗೆ ಸಂಜೆ ಸಿಗುವುದು ಸ್ವಲ್ಪ ಹೊತ್ತು. ಅದನ್ನು ಅಂಕಿ ಬದಲಾಗುವುದನ್ನು ಕಾಯುತ್ತಾ ಕಳೆಯಲು ಮನಸ್ಸಿಲ್ಲ, ಜಾಸ್ತಿ ಕೋರ್ ಇರುವ ಮೆಷಿನ್‌ಗೆ ಸುರಿಯಲು ದುಡ್ಡೂ ಇಲ್ಲ. ಎಂಜಿನ್ ಬೇಕಾಗುವುದು ಆಟ ಮುಗಿದ ಮೇಲೆ, ಎಲ್ಲಿ ಕೈಕೊಟ್ಟಿತು ಅಂತ ನೋಡಲು. ಅದಕ್ಕೆ ಹಳೇ ಲ್ಯಾಪ್‌ಟಾಪ್ ಧಾರಾಳವಾಯಿತು.